ಅಸೂಟಿಯಲ್ಲಿ ಖತೀಜಾಬಿಯ ಕೊಡ

ನಮ್ಮ ಮನೆಗೆ ಮೊದಲ ಸಲ ಬಂದವರು ನೀರು ಕೇಳಿದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ನೀರು ತುಂಬಿಟ್ಟ ಸ್ಟೀಲಿನ ಕೊಡದ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿವೆ: 'ಖತೀಜಾಬಿ ಜಂಗ್ಲಿಸಾಬ, ಗಜೇಂದ್ರಗಡ, 1984'. ಮನೆ ಇರುವುದು ಅಸೂಟಿಯಲ್ಲಿ. ಮನೆಯ ಒಡತಿ ನನ್ನ ಅವ್ವ ಗುಡ್ಡವ್ವ. ಬಂದವರು ಅಕ್ಷರ ಓದಿ, ಅವ್ವನ ಮುಖ ನೋಡಿ, ಮತ್ತೊಮ್ಮೆ ಅಕ್ಷರ ನೋಡುತ್ತಾರೆ. ಕೆಲವರು ಕಳವಿನ ಮಾಲು ಅಂದುಕೊಂಡು ಲಗುಬಗೆಯಿಂದ ನೀರು ಕುಡಿದು ಏಳುತ್ತಾರೆ.

ಕಳವಿನದಲ್ಲ. ಆ ಕೊಡ ಇಲ್ಲಿಗೆ ಬರಲು ಅಮೆರಿಕದ ಡಾಲರು ಇಳಿಯಬೇಕಾಯಿತು, ಚೀನಾಕ್ಕೆ ಉಕ್ಕಿನ ಹಸಿವು ಹತ್ತಬೇಕಾಯಿತು, ಮುಂಬೈಯ ರಿಸರ್ವ್ ಬ್ಯಾಂಕು ಕೈಕಟ್ಟಿ ಕೂಡಬೇಕಾಯಿತು, ಮತ್ತು ನನ್ನ ಅವ್ವನ ತಲೆಗೂದಲು ಉದುರಬೇಕಾಯಿತು. ಈ ನಾಲ್ಕರಲ್ಲಿ ಕೊನೆಯದಕ್ಕೆ ಮಾತ್ರ ಯಾವ ಸರಕಾರದ ಅಪ್ಪಣೆಯೂ ಬೇಕಾಗಲಿಲ್ಲ.

ಜಂಗ್ಲಿಸಾಬ ಚಾಚಾ ಹುಟ್ಟಿನಿಂದ ನೇಕಾರ. ಗಜೇಂದ್ರಗಡದಲ್ಲಿ ಅವರ ಮನೆಯ ಕುಣಿಮಗ್ಗ ಮೂರು ತಲೆಮಾರು ಸೀರೆ ನೇಯ್ದು, ನಾಲ್ಕನೆಯ ತಲೆಮಾರಿಗೆ ಗಂಜಿಯನ್ನೂ ಹುಟ್ಟಿಸಲಿಲ್ಲ. ಮಗ್ಗದ ಕುಣಿ ಮುಚ್ಚಿ ಅದರ ಮೇಲೆ ಕೋಳಿ ಗೂಡು ಇಟ್ಟು, ಚಾಚಾ ಕೂದಲಿನ ವ್ಯಾಪಾರಕ್ಕೆ ಇಳಿದರು. ಬಸ್ಸಿನಲ್ಲಿ ರೋಣಕ್ಕೆ ಬರುವುದು, ಪರಿಚಯದವರ ಅಂಗಡಿಯಲ್ಲಿ ಇಟ್ಟಿದ್ದ ಸೈಕಲ್ಲಿಗೆ ಬಾಂಡೆಗಳನ್ನು ತೂಗಿಬಿಡುವುದು, ಊರೂರು ತಿರುಗಿ "ಕೂದ್ಲಕ್ಕ ಬಾಂಡೇ... ಸ್ಟೀಲಿನ ಬಾಂಡೇ..." ಎಂದು ಕೂಗುವುದು. ಮಂಗಳವಾರ ಅಸೂಟಿಯ ಪಾಳಿ.

ನಮ್ಮ ಕಡೆಯ ಹೆಂಗಸರು ತಲೆ ಬಾಚಿದಾಗ ಬಂದ ಕೂದಲನ್ನು ಬೀದಿಗೆ ಎಸೆಯುವುದಿಲ್ಲ. ಸುರುಳಿ ಸುತ್ತಿ ಗೋಡೆಯ ಮಾಡದಲ್ಲಿ ಇಲ್ಲವೆ ಜಂತೆಯ ಸಂದಿಯಲ್ಲಿ ಸಿಕ್ಕಿಸಿ ಇಡುತ್ತಾರೆ. ಚಾಚಾ ಅದನ್ನು ಕೊಂಡು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಒಯ್ದು ಪರಶಪ್ಪ ಎಂಬ ವ್ಯಾಪಾರಿಗೆ ಮಾರುತ್ತಿದ್ದರು. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟಿದ ಕೂದಲು ಚೀನಾಕ್ಕೆ ಹೋಗಿ ವಿಗ್ಗು ಆಗುತ್ತದೆ, ವಿಗ್ಗು ಅಮೆರಿಕಕ್ಕೆ ಹೋಗಿ ಯಾರದೋ ತಲೆ ಏರುತ್ತದೆ. ಇದನ್ನು ಮೊದಲ ಸಲ ಚಾಚಾ ಹೇಳಿದಾಗ ನಮ್ಮ ಓಣಿ ಎರಡು ದಿನ ನಕ್ಕಿತು.

"ನನ್ನ ಕೂದ್ಲ ಹಾಕ್ಕೊಂಡಾಕಿ ಅಲ್ಲಿ ಹೇನ ಕೆರಕೋಂತ ಕುಂತಿರಬೇಕು ನೋಡು" ಎಂದಳು ಅವ್ವ.

"ನಿನ್ನ ಹೇನಿಗೆ ಇಂಗ್ಲಿಷ್ ಬರ್ತೈತಾ ಗುಡ್ಡವ್ವಕ್ಕ?" ಎಂದರು ಚಾಚಾ.

ಈಗ ಗಂಟಿನ ವಿಷಯ. ಒಬ್ಬ ಹೆಂಗಸು ವಾರಕ್ಕೆ ಉದುರಿಸುವ ಕೂದಲಿಗೆ ಒಂದು ಚಮಚವೂ ಬರುವುದಿಲ್ಲ. ಕೊಡ ಬೇಕೆಂದರೆ ವರ್ಷಗಟ್ಟಲೆ ಕೂಡಿಸಬೇಕು, ಅಷ್ಟರಲ್ಲಿ ಇಲಿ ಗೂಡು ಕಟ್ಟುತ್ತದೆ. ಅದಕ್ಕೆ ಚಾಚಾ ಒಂದು ಉಪಾಯ ಮಾಡಿದ್ದರು. ಪ್ರತಿ ಹೆಂಗಸಿಗೂ ಒಂದು ಹಸಿರು ದಾರ. ಹತ್ತು ಗ್ರಾಂ ಕೂದಲು ತೂಗಿ ಕೊಟ್ಟರೆ ಆ ದಾರಕ್ಕೆ ಒಂದು ಕೆಂಪು ಎಳೆಯ ಗಂಟು. ಎರಡು ಗಂಟಿಗೆ ವಾಟಗ ಎನ್ನುವ ಪುಟ್ಟ ಬಟ್ಟಲು, ಎಂಟಕ್ಕೆ ತಂಬಿಗೆಯಂಥ ಚರಗಿ, ಮೂವತ್ತಕ್ಕೆ ಕೊಡ. ಬರೆಯುವ ತಾಪತ್ರಯವಿಲ್ಲ. ಅವರಿಗೂ ಓದು ಬರದು, ಇವರಿಗೂ ಬರದು. ದಾರ ಮಾಡದ ಮೊಳೆಗೆ ತೂಗುತ್ತಿದ್ದರೆ ಗಂಡಂದಿರು ಅದನ್ನು ಯಾವುದೋ ದೇವರ ಹರಕೆ ಎಂದು ತಿಳಿದು ಮುಟ್ಟುತ್ತಿರಲಿಲ್ಲ. ಅಪ್ಪನ ಕಣ್ಣಿಗೆ ಬಿದ್ದೂ ಅವನ ಕೈಗೆ ಸಿಗದೆ ಉಳಿದ ಆಸ್ತಿ ನಮ್ಮ ಮನೆಯಲ್ಲಿ ಅದೊಂದೇ.

ಖೋಟಾ ಗಂಟಿನ ಪ್ರಯತ್ನವೂ ಆಗಿತ್ತು. ಪಕ್ಕದ ಮನೆಯ ಕನಕಪ್ಪನ ಹೆಂಡತಿ ಸ್ವಂತ ಕೈಯಿಂದ ಐದು ಗಂಟು ಹಾಕಿಕೊಂಡಳು. ಚಾಚಾ ಕಣ್ಣು ಮುಚ್ಚಿ ದಾರದ ಮೇಲೆ ಬೆರಳಾಡಿಸಿ, "ಯವ್ವಾ, ಹದಿನಾರು ನನ್ನವು. ಇವು ಐದು ಎಮ್ಮಿ ಕಟ್ಟೂ ಗಂಟು" ಎಂದುಬಿಟ್ಟರು. ಅವರದು ಮಗ್ಗದ ಗಂಟು. ಹರಿದ ಎಳೆಯನ್ನು ಚಿಟಿಕೆಯಲ್ಲಿ ಜೋಡಿಸಿ ಬೆಳೆದ ಬೆರಳು ಹಾಕಿದ ಗಂಟನ್ನು ಎಮ್ಮೆ ಕಟ್ಟುವ ಬೆರಳು ಹಾಕಲಾರದು. ನೋಟಿನೊಳಗೆ ಬೆಳ್ಳಿ ಬಣ್ಣದ ದಾರ ಹುದುಗಿಸುವ ರಿಸರ್ವ್ ಬ್ಯಾಂಕಿಗೂ ಕಣ್ಣು ಮುಚ್ಚಿ ಖೋಟಾ ಯಾವುದೆಂದು ಹೇಳುವ ಧೈರ್ಯವಿಲ್ಲ.

ಆಗ ನಾನು ರೋಣದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಪ್ರಾಣಿ ನಾನು. ಅರ್ಥಶಾಸ್ತ್ರದ ಸರ್ ಕೇಂದ್ರ ಬ್ಯಾಂಕಿನ ಕೆಲಸಗಳನ್ನು ಬರೆಸುವಾಗ ನನಗೆ ಮುಂಬೈ ಕಾಣುತ್ತಿರಲಿಲ್ಲ. ಸೈಕಲ್ಲು, ತಕ್ಕಡಿ, ಹಸಿರು ದಾರ ಕಾಣುತ್ತಿದ್ದವು. ತನ್ನದೇ ಹಣ ಅಚ್ಚು ಹಾಕುವುದು, ಕೇಳಿದಾಗ ಬೆಲೆ ತೀರಿಸುತ್ತೇನೆಂದು ಮಾತು ಕೊಡುವುದು. ಗವರ್ನರ್ ಸಾಹೇಬರ ಸಹಿಯ ಬದಲು ಕೆಂಪು ಎಳೆ, ಅಷ್ಟೇ ಫರಕು.

ಮಾತು ಕೊಡುವುದರಲ್ಲೇ ಚಾಚಾ ಎಡವಿದರು. 2007ರ ಸಂಕ್ರಾಂತಿಯ ಹೊತ್ತಿಗೆ ಬಾಷಾ ಎಂಬ ಇನ್ನೊಬ್ಬ ವ್ಯಾಪಾರಿ ನರೇಗಲ್ಲಿನಿಂದ ಬಂದು, ತಾನು ಇಪ್ಪತ್ತೆಂಟಕ್ಕೇ ಕೊಡ ಕೊಡುವುದಾಗಿ ಸಾರಿದ. ಅವನ ಕೊಡ ಹಪ್ಪಳದಷ್ಟು ತೆಳು. ಆದರೂ ಹೆಂಗಸರು ಗುಸುಗುಸು ಶುರು ಮಾಡಿದರು. ಚಾಚಾ ಸಿಟ್ಟಿಗೆದ್ದು ನಮ್ಮ ಕಟ್ಟೆಯ ಮೇಲೆ ನಿಂತು ಕೈ ಎತ್ತಿದರು.

"ಕೇಳ್ರಿ ತಂಗೆವ್ವಗೋಳ. ಅಂವ ಇವತ್ತ ಇಪ್ಪತ್ತೆಂಟ ಅಂತಾನ, ನಾಳೆ ನಾಪತ್ತೆ ಆಗ್ತಾನ. ನಾನು ಮೂವತ್ತಂದ್ರ ಮೂವತ್ತು. ಡಿಲ್ಲಿ ಮುಳುಗಲಿ, ಮುಂಬೈ ಮುಳುಗಲಿ, ದಪ್ಪನ್ನ ಕೊಡಾನ ಕೊಡ್ತೀನಿ. ಮಾತು ತಪ್ಪಿದ್ರ ಈ ಊರಾಗ ಸೈಕಲ್ ತರಂಗಿಲ್ಲ."

ಡಿಲ್ಲಿ, ಮುಂಬೈ ಎರಡೂ ಮುಳುಗಲಿಲ್ಲ. ಅಮೆರಿಕದ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಚಾಚಾ ಸೈಕಲ್ಲು ಗೋಡೆಗೆ ಆನಿಸಿ ನನ್ನ ಪಕ್ಕ ಕುಳಿತರು. ನಾನು ಪೇಪರು ಓದುತ್ತಿದ್ದೆ.

"ಗೌತಮಿ, ಪೇಪರಿನ್ಯಾಗ ನನ್ನ ಸುದ್ದಿ ಏನರ ಬಂದೈತೇನು?"

"ನಿಮ್ಮದ್ಯಾಕ ಬರ್ತೈತ್ರಿ ಚಾಚಾ? ಎಲ್ಲೆರ ಕಳವು ಮಾಡೀರೇನು?"

"ಕಳವು ಮಾಡಿದವ್ರು ಬ್ಯಾರೆ ಅದಾರ. ಪರಶಪ್ಪ ಕೂದ್ಲದ ರೇಟ್ ಇಳಿಸ್ಯಾನ. ಕೇಳಿದ್ರ ಡಾಲರ್ ಬಿದ್ದೈತಿ ಅಂತಾನ. ಎಲ್ಲಿ ಬಿದ್ದೈತಿ ಹೇಳು, ನಾನರ ಹೋಗಿ ಎತ್ತಿ ನಿಲ್ಲಸ್ತೀನಿ."

ನಾನು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪರಶಪ್ಪನಿಗೆ ಚೀನಾದವರು ಕೊಡುವುದು ಡಾಲರು. ವರ್ಷದ ಆರಂಭದಲ್ಲಿ ಒಂದು ಡಾಲರಿಗೆ ನಲವತ್ನಾಲ್ಕು ರೂಪಾಯಿ ಸಿಗುತ್ತಿತ್ತು, ಈಗ ನಲವತ್ತು, ನಲವತ್ತೊಂದು. ಹೊರದೇಶದವರು ನಮ್ಮ ದೇಶಕ್ಕೆ ಡಾಲರು ಸುರಿಯುತ್ತಿದ್ದಾರೆ. ಮೊದಲು ರಿಸರ್ವ್ ಬ್ಯಾಂಕು ಆ ಡಾಲರನ್ನು ಕೊಂಡು ಕೊಂಡು ದರ ಹಿಡಿದು ನಿಲ್ಲಿಸುತ್ತಿತ್ತು, ಈಗ ಮೊದಲಿನಂತೆ ಕೊಳ್ಳುತ್ತಿಲ್ಲ.

"ಯಾಕ? ಕೈಗೆ ಏನಾಗೈತಿ?"

"ಡಾಲರ್ ಕೊಂಡ್ರ ಅದಕ್ಕ ರೂಪಾಯಿ ಹೊರಗ ಬಿಡಬೇಕ್ರಿ. ರೂಪಾಯಿ ಭಾಳ ಆದ್ರ ಬ್ಯಾಳಿ, ಎಣ್ಣಿ ರೇಟ್ ಏರ್ತೈತಿ."

"ಅಂದ್ರ ಬ್ಯಾಳಿ ತಿನ್ನೋರ ಸಲುವಾಗಿ ನನ್ನ ಕೂದ್ಲ ಕಿತ್ತಾರ."

"ನೀವೂ ಬ್ಯಾಳಿ ತಿಂತೀರಲ್ರಿ ಚಾಚಾ. ಹಂಗ ನೋಡಿದ್ರ ನಿಮಗೂ ಲಾಭ ಐತಿ."

ಒದೆಯಲು ಕಲಿತ ಕರುವನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.

"ಅದು ಹೋಗ್ಲಿ. ಬಾಂಡೆ ಅಂಗಡಿಯವ ಕೊಡದ ರೇಟ್ ಯಾಕ ಏರಿಸ್ಯಾನ? ಅಂವಂಗೂ ಡಾಲರ್ ಬಡದೈತೇನು?"

"ಅಂವಂಗ ನಿಕ್ಕಲ್ ಬಡದೈತ್ರಿ. ಸ್ಟೀಲಿಗೆ ನಿಕ್ಕಲ್ ಬೆರಸ್ತಾರ. ಚೀನಾದವ್ರು ಕಾರಖಾನಿ, ಕಟ್ಟಡ ಕಟ್ಟಾಕ ಹತ್ಯಾರ, ಜಗತ್ತಿನ ನಿಕ್ಕಲ್ಲೆಲ್ಲಾ ಅವ್ರ ಕಡೆ ಹೊಂಟೈತಿ."

ಚಾಚಾ ಸೈಕಲ್ಲಿಗೆ ತೂಗಿಬಿಟ್ಟ ಕೊಡವನ್ನು ಬೆರಳಿನಿಂದ ಬಾರಿಸಿದರು. "ನನ್ನ ಕೂದ್ಲ ತಗೊಳ್ಳಾವ್ರೂ ಅವ್ರ. ನನ್ನ ಕೊಡ ತುಟ್ಟಿ ಮಾಡಾವ್ರೂ ಅವ್ರ. ಚೀನಾದವ್ರಿಗೆ ನನ್ನ ಮ್ಯಾಲೇನು ಹಗಿ?"

ಆಗಸ್ಟಿನ ಹೊತ್ತಿಗೆ ಅವರ ಬಳಿ ಕೊಡವೇ ಉಳಿಯಲಿಲ್ಲ. ಮೂವತ್ತು ಗಂಟಿನ ಕೂದಲಿಗೆ ಪರಶಪ್ಪ ಕೊಡುವುದರಲ್ಲಿ ಒಂದು ಕೊಡದ ತಳ, ಹೊಟ್ಟೆ ಬರುತ್ತಿತ್ತು, ಕಂಠ ಬರುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಬರೀ ವಾಟಗ ಹೇರಿಕೊಂಡು ಬಂದ ಚಾಚಾ ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿ, ಗಂಟಲು ಸರಿಮಾಡಿಕೊಂಡು, "ಒಂದ್ ಮಾತೈತಿ. ಇನ್ನ ಮ್ಯಾಲೆ ಕೊಡಕ್ಕ ನಲವತ್ತೈದ ಗಂಟು" ಎಂದರು.



"ಡಿಲ್ಲಿ ಮುಳುಗೈತೇನು?" ಅವ್ವ ಕೇಳಿದಳು.

"ಇಲ್ಲವಾ, ಡಾಲರ್..."

"ಡಾಲರ್ ನಿನ್ನ ಸೋದರಮಾವನೇನು? ಯಾವಾಗ ನೋಡಿದ್ರೂ ಅವನ ಸುದ್ದಿ. ಮಾತು ಕೊಟ್ಟಾವ ನೀನು."

ಅವ್ವನ ದಾರಕ್ಕೆ ಆಗ ಇಪ್ಪತ್ತೊಂಬತ್ತು ಗಂಟು. ಮೂವತ್ತಕ್ಕೆ ಒಂದೇ ಬಾಕಿ ಎಂದು ಹದಿನೈದು ದಿನಗಳಿಂದ ನನ್ನ ತಲೆಯನ್ನು ಹೊತ್ತಿಗೊಮ್ಮೆ ಬಾಚುತ್ತಿದ್ದಳು. ಮನೆಯ ಮಣ್ಣಿನ ಕೊಡ ಸೋರುತ್ತಿತ್ತು. ಅವಳು ಒಳಗೆ ಹೋಗಿ ಕೂದಲಿನ ಸುರುಳಿ ತಂದು ತಕ್ಕಡಿಗೆ ಹಾಕಿದಳು. ಸರಿಯಾಗಿ ಹತ್ತು ಗ್ರಾಂ. ಚಾಚಾ ಮೂವತ್ತನೆಯ ಗಂಟು ಹಾಕಿದರು.

"ಈಗ ಕೊಡ ಕೊಡು."

"ಇಲ್ಲಲ್ಲವಾ ಈಗ."

ಆ ಒಂದು ಮಾತಿಗೆ ಕಟ್ಟೆ ಖಾಲಿಯಾಯಿತು. ಎಲ್ಲರೂ ಮನೆಗೆ ಓಡಿದ್ದರು. ಐದು ನಿಮಿಷದಲ್ಲಿ ಇಪ್ಪತ್ತೆರಡು ಹಸಿರು ದಾರಗಳು ಚಾಚಾನ ಮೂಗಿನ ಮುಂದೆ ತೂಗಾಡುತ್ತಿದ್ದವು. ಮೂವತ್ತು ತುಂಬಿದ್ದು ಆರು, ಉಳಿದವು ಅರೆಬರೆ. ಏಳು ಗಂಟು ಇದ್ದವಳೂ ಈಗಿಂದೀಗ ಏನಾದರೂ ಕೊಡು ಎನ್ನುವವಳೇ. ಬ್ಯಾಂಕಿನ ಮೇಲೆ ಠೇವಣಿದಾರರು ಮುಗಿಬೀಳುವ ಪಾಠ ನಮಗೆ ಮುಂದಿನ ವರ್ಷ ಇತ್ತು. ನಾನು ಮೊದಲೇ ನೋಡಿಬಿಟ್ಟೆ. ಚಾಚಾನ ಕೊರಳ ಟವೆಲ್ ಒಬ್ಬಳ ಕೈಯಲ್ಲಿ, ಸೈಕಲ್ಲಿನ ಗಂಟೆ ಇನ್ನೊಬ್ಬಳ ಕೈಯಲ್ಲಿ.

"ಬರೂ ಮಂಗಳವಾರ!" ಚಾಚಾ ಕೂಗಿದರು. "ಆರೂ ಕೊಡ ತರ್ತೀನಿ. ಮೂವತ್ತಕ್ಕ! ಗಂಟಿ ಕೊಡ್ರವಾ, ಸೈಕಲ್ ಗಂಟಿ!"

ಆ ವಾರವಿಡೀ ಬಾಷಾನದೇ ದರ್ಬಾರು. ಜಂಗ್ಲಿಸಾಬ ಗೋವಾಕ್ಕೆ ಓಡಿಹೋದನಂತೆ, ಅವನು ಬಸ್ಸು ಹತ್ತುವುದನ್ನು ತಾನೇ ನೋಡಿದ್ದಾಗಿ ಊರೂರಿನಲ್ಲಿ ಹಬ್ಬಿಸಿದ. ಚಾಚಾ ಹೋದದ್ದು ತಮ್ಮ ಮನೆಗೆ. ಬಾಂಡೆ ಅಂಗಡಿಯವನು ಉದ್ರಿ ಕೊಡಲಿಲ್ಲ. ಮಂಗಳವಾರ ಹೋಗದಿದ್ದರೆ ಅಸೂಟಿ ಹೋಗುತ್ತದೆ. ಅಸೂಟಿ ಹೋದರೆ ಸುದ್ದಿ ಸುತ್ತಲಿನ ಊರಿಗೆಲ್ಲ ಹೋಗುತ್ತದೆ. ಆ ಮೇಲೆ ಅವರ ಗಂಟನ್ನು ಯಾರೂ ಮೂಸುವುದಿಲ್ಲ. ಮಗ್ಗದ ಕುಣಿಯಂತೂ ಮುಚ್ಚಿ ಆಗಿತ್ತು.

ಅವರ ಹೆಂಡತಿ ಖತೀಜಾಬಿ ಕೊಣ್ಣೂರಿನ ಆಚೆ ತಂಗಿ ರಹಿಮತಬಿಯ ಮನೆಗೆ ಹೋಗಿದ್ದರು. ಮಲಪ್ರಭೆ ತುಂಬಿ ಸೇತುವೆಯ ಮೇಲೆ ನೀರು ಬಂದು ಆ ಕಡೆಯೇ ಉಳಿದರು. ಮನೆಯಲ್ಲಿ ಚಾಚಾ ಒಬ್ಬರೇ, ಎದುರಿಗೆ ಗೋಡೆಯುದ್ದಕ್ಕೂ ಖತೀಜಾಬಿಯ ಹಲಗೆ. ಮದುವೆಯಲ್ಲಿ ತವರಿನವರು ಕೊಟ್ಟ ಬಾಂಡೆಗಳು, ಪ್ರತಿಯೊಂದರ ಮೇಲೂ ಹೆಸರು, ಇಸವಿ. ಇಪ್ಪತ್ಮೂರು ವರ್ಷದಿಂದ ಹಬ್ಬಕ್ಕೊಮ್ಮೆ ಇಳಿಸಿ ತೊಳೆದು ಮತ್ತೆ ಏರಿಸಿದ್ದು ಬಿಟ್ಟರೆ ಅವುಗಳಲ್ಲಿ ಹನಿ ನೀರು ತುಂಬಿದ್ದಿಲ್ಲ. ಮೇಲಿನ ಸಾಲಿನಲ್ಲಿ ಕೊಡಗಳು. ಸರಿಯಾಗಿ ಆರು.

ದೇಶದ ಬೊಕ್ಕಸದಲ್ಲಿ ಬಂಗಾರ ಯಾಕೆ ಸುಮ್ಮನೆ ಬಿದ್ದಿರುತ್ತದೆ ಎಂದು ನಾನು ಸರ್‌ಗೆ ಕೇಳಿದ್ದೆ. ಇಂಥ ದಿನಕ್ಕೆ ಎಂದಿದ್ದರು. ಆದರೆ ದೇಶದ ಬಂಗಾರಕ್ಕೆ ಹೆಂಡತಿ ಇರುವುದಿಲ್ಲ.

ಮಂಗಳವಾರ ಮಧ್ಯಾಹ್ನ ಊರ ಹೊರಗಿನಿಂದಲೇ ಬಾಂಡೆಗಳ ಸಪ್ಪಳ ಕೇಳಿತು. ಚಾಚಾ ಎಂದಿನಂತೆ ಕೂಗಲಿಲ್ಲ. ಕಟ್ಟೆಯ ಮೇಲೆ ಆರು ಕೊಡ ಸಾಲಾಗಿ ಇಟ್ಟು, ಆರು ದಾರ ಇಸಿದುಕೊಂಡು, ಒಂದೊಂದನ್ನೂ ಬೆರಳಿನಿಂದ ನೋಡಿ, ಕತ್ತರಿಸಿ ಕಿಸೆಗೆ ಹಾಕಿಕೊಂಡರು. ಅವ್ವ ತನ್ನ ಕೊಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಗ್ಗಲಿಲ್ಲ.

"ಏನೋ ಬರದೈತಲ್ಲ ಇದರ ಮ್ಯಾಲೆ?"

ನಾನು ಓದಿದೆ. ಚಾಚಾ ನನ್ನ ಕಡೆ ನೋಡಲಿಲ್ಲ.

"ಹೆಂಡ್ತಿದೇನು?" ಅವ್ವನ ದನಿ ತಗ್ಗಿತು. "ಆಕಿಗೆ ಗೊತ್ತೈತಿ?"

"ಹೊಳಿ ಇಳದ ಮ್ಯಾಲೆ ಗೊತ್ತಾಗ್ತೈತಿ."

ವಿಚಿತ್ರವೆಂದರೆ ಅರೆಬರೆ ದಾರದ ಹದಿನಾರು ಜನ ಅಲ್ಲೇ ನಿಂತಿದ್ದರು, ಒಬ್ಬಳೂ ದಾರ ಮುಂದೆ ಮಾಡಲಿಲ್ಲ. ಆರು ಕೊಡ ಕಣ್ಣಾರೆ ಕಂಡ ಮೇಲೆ ಅವರ ಅವಸರವೇ ಇಳಿದುಹೋಯಿತು. "ನಮ್ಮದೇನು ಲಗೂ ಇಲ್ಲ ಬಿಡಣ್ಣ, ತುಂಬಿದ ಮ್ಯಾಲೆ ನೋಡೂನು" ಎಂದು ಹೊಸ ಕೂದಲು ತಂದು ತೂಗಿಸಿದರು. ಹಿಂದಿನ ವಾರ ಟವೆಲ್ ಎಳೆದವಳೇ ಚಹಾ ತಂದುಕೊಟ್ಟಳು.

ಹೊಳೆ ಶುಕ್ರವಾರ ಇಳಿಯಿತು. ಖತೀಜಾಬಿ ಶನಿವಾರ ಮನೆಗೆ ಬಂದರು. ಆ ದಿನ ಏನಾಯಿತೆಂದು ಚಾಚಾ ಎಂದೂ ಪೂರ್ತಿ ಹೇಳಲಿಲ್ಲ. "ಕೋಳಿಗೂಡಿನ ಬಾಜೂಕ ಮಕ್ಕೊಂಡಿದ್ನಿ" ಎಂದಷ್ಟೇ ಹೇಳಿದರು. ಮುಂದಿನ ಮಂಗಳವಾರ ಸೈಕಲ್ಲಿನ ಹಿಂದೆ ಕ್ಯಾರಿಯರ್ ಮೇಲೆ ಒಬ್ಬ ಎತ್ತರದ ಹೆಂಗಸು ಕುಳಿತು ಬಂದಳು. ಇಡೀ ಓಣಿ ಜಗಳ ನೋಡಲು ಹೊರಗೆ ಬಂದು ನಿಂತಿತು.

ಖತೀಜಾಬಿ ಜಗಳ ಆಡಲಿಲ್ಲ. ಕಟ್ಟೆಯ ಮೇಲೆ ಕುಳಿತು, ನೀರು ಕೇಳಿ, ತಮ್ಮದೇ ಕೊಡದಿಂದ ಬಗ್ಗಿಸಿದ ನೀರು ಕುಡಿದು, ಹೇಳಿದರು:

"ಕೇಳ್ರಿ. ನಮ್ಮ ಮನಿಯವ್ರಿಗೆ ಗಂಟ ಹಾಕಾಕ ಬರ್ತೈತಿ, ಲೆಕ್ಕ ಬರಂಗಿಲ್ಲ. ಇವತ್ತಿನಿಂದ ಲೆಕ್ಕ ನಂದು. ಹಳೇ ಹಸಿರು ದಾರದ ಗಂಟಿಗೆ ಹಳೇ ರೇಟು, ಕೊಟ್ಟ ಮಾತು ಕೊಟ್ಟಂಗ. ಹೊಸ ಗಂಟೆಲ್ಲಾ ನೀಲಿ ದಾರಕ್ಕ. ನೀಲಿ ದಾರಕ್ಕ ಕೊಡದ ರೇಟ್ ತಿಂಗಳಿಗೊಮ್ಮೆ ಹೇಳ್ತೀನಿ, ಏರಬಹುದು, ಇಳೀಬಹುದು. ಒಪ್ಪಿಗಿ ಇದ್ದಾವ್ರು ಕೂದ್ಲ ತರ್ರಿ. ಇಲ್ಲದಾವ್ರು ಬಾಷಾನ ಕಡೆ ಹೋಗಿ ಹಪ್ಪಳ ತಗೋರಿ."

ಯಾರೂ ಹೋಗಲಿಲ್ಲ. ತೇಲುವ ದರದ ಬಗ್ಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಬರೀ ಏಳು ಅಂಕ ಪಡೆದೆ. ಆಕೆ ಒಂದು ಲೋಟ ನೀರು ಕುಡಿದು ಮುಗಿಸಿದರು. ಏಳುವ ಮುಂಚೆ ಆರು ಜನರನ್ನು ಬೆರಳು ಮಾಡಿ ತೋರಿಸಿದರು. "ನಿಮ್ಮ ಕಡೆ ಇರೂ ಕೊಡ ನನ್ನವು. ಒಂದಿನ ಹೊಸಾವು ತಂದು ಕೊಟ್ಟು ಇವನ್ನ ಒಯ್ತೀನಿ. ಅಲ್ಲಿತನಕಾ ಬೂದಿ ಹಚ್ಚಿ ತಿಕ್ಕಬ್ಯಾಡ್ರಿ, ಗೆರಿ ಬೀಳ್ತಾವ."

ಆ ಒಂದಿನ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಹಿಡಿಯಿತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ದಿವಾಳಿ ಎದ್ದಿತು. ಚಾಚಾ ಪೇಪರಿನ ಚಿತ್ರ ನೋಡಿದರು. ಕೋಟು ಹಾಕಿದವರು ರಟ್ಟಿನ ಡಬ್ಬಿ ಹೊತ್ತು ಹೊರಬರುತ್ತಿದ್ದರು.

"ಇವ್ರ ಮನ್ಯಾಗ ಹೆಂಡ್ತಿ ಹಲಗಿ ಇರಲಿಲ್ಲೇನು?" ಎಂದು ಕೇಳಿದರು, ಖರೇನೇ ಮರುಗಿ.

ಜಗತ್ತೇ ಗಾಬರಿಯಾಗಿ ಡಾಲರಿಗೆ ಜೋತುಬಿದ್ದಿತು. ಬಿದ್ದ ಬ್ಯಾಂಕು ಅವರದು, ಏರಿದ ಹಣವೂ ಅವರದೇ. ಇದು ಯಾವ ಊರಿನ ನ್ಯಾಯ ಎಂದು ನನ್ನ ಸರ್‌ಗೂ ಹೇಳಲಾಗಲಿಲ್ಲ. ಡಾಲರು ಐವತ್ತರ ಹತ್ತಿರ ಹೋಯಿತು. ಚೀನಾದ ಕಾರ್ಖಾನೆಗಳು ತಣ್ಣಗಾಗಿ ನಿಕ್ಕಲ್ಲು ನೆಲಕ್ಕೆ ಬಿತ್ತು, ಬಾಂಡೆ ಅಗ್ಗವಾಯಿತು. ಪರಶಪ್ಪ ಎರಡು ತಿಂಗಳು ಮಾಲು ಮುಟ್ಟದೆ ಕುಳಿತು, ಆಮೇಲೆ ಒಳ್ಳೆಯ ದರಕ್ಕೇ ಎತ್ತಿದ. ಖತೀಜಾಬಿ ನೀಲಿ ದಾರದ ದರವನ್ನು ನಲವತ್ತೆರಡರಿಂದ ಮೂವತ್ತಾರಕ್ಕೆ ಇಳಿಸಿ, 2009ರ ಜನವರಿಯಲ್ಲಿ ಆರು ಹೊಸ ಕೊಡಗಳೊಂದಿಗೆ ಅಸೂಟಿಗೆ ಬಂದರು.

ಹೊಸ ಕೊಡಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಐದು ಜನ ಮುಖ ನೋಡಿಕೊಂಡು ಖುಷಿಯಿಂದ ಬದಲಿಸಿಕೊಂಡರು. ಅವ್ವ ಮಾತ್ರ ಹೊಸದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಟಕ್ಕೆಂದು ಕುಳಿ ಬಿತ್ತು.

"ಇದು ಕೊಡ ಅಲ್ಲ. ಕೊಡದ ಫೋಟೋ."

"ಈಗ ಎಲ್ಲಾವೂ ಹಿಂಗ ಬರ್ತಾವ ಗುಡ್ಡವ್ವ."

"ನಾ ಕೊಟ್ಟ ಕೂದ್ಲ ತೆಳ್ಳಗಿತ್ತೇನು? ತೂಗು ಎರಡನ್ನೂ."

ಖತೀಜಾಬಿ ತೂಗಿದರು. ಬೇರೆಯವರಾಗಿದ್ದರೆ ತೂಗುತ್ತಿರಲಿಲ್ಲ. ಹಳೆಯದು ಕಾಲು ಕಿಲೋದಷ್ಟು ಹೆಚ್ಚಿಗೆ ಬಂತು. ಆಕೆ ಕೊಡಗಳನ್ನು ಅದಲುಬದಲು ಇಟ್ಟು ಮತ್ತೊಮ್ಮೆ ತೂಗಿದರು. ಹಿಂದೆ ಐದು ಜನ ತಮ್ಮ ಹೊಸ ಕೊಡಗಳನ್ನು ಮೆಲ್ಲಗೆ ಒತ್ತಿ ನೋಡಿಕೊಳ್ಳುವ ಟಕ್ ಟಕ್ ಸಪ್ಪಳ.

"ದಪ್ಪನ್ನ ಕೊಡ ಅಂತ ಮಾತು ಕೊಟ್ಟಿದ್ರಾ?" ಗಂಡನನ್ನು ಕೇಳಿದರು.

ಚಾಚಾ ಸೈಕಲ್ಲಿನ ಚೈನು ನೋಡುತ್ತ, "ಕೊಟ್ಟಿದ್ದೆ" ಎಂದರು.

ಖತೀಜಾಬಿ ಆ ಐದು ಜನಕ್ಕೂ ಮೇಲೊಂದು ಚರಗಿ ಕೊಟ್ಟು ಬಾಯಿ ಮುಚ್ಚಿಸಿದರು. ಹಳೆಯ ಐದು ಕೊಡ ಹಲಗೆಗೆ ಮರಳಿದವು. ಆರನೆಯದು ನಮ್ಮಲ್ಲೇ ಉಳಿಯಿತು. ಅವ್ವ ಚರಗಿಗೂ ಬಗ್ಗಲಿಲ್ಲ.

ಈಗಲೂ ತಿಂಗಳಿಗೊಮ್ಮೆ ಆಕೆ ನಮ್ಮ ಮನೆಗೆ ಬಂದು, ನೀರು ಕೇಳುವ ನೆಪದಲ್ಲಿ ಕೊಡವನ್ನು ತಿರುಗಿಸಿ ತಿರುಗಿಸಿ ಗೆರೆ ಬಿದ್ದಿದೆಯೇ ಎಂದು ನೋಡುತ್ತಾರೆ. ಗಂಡನ ಮೇಲೆ ಸಿಟ್ಟು ಬಂದ ತಿಂಗಳಂತೂ ಅಲ್ಲೇ ಕೂತುಬಿಡುತ್ತಾರೆ.

"ನಾ ಇಲ್ಲೇ ಇರ್ತೀನಿ ನೋಡ್ರಿ. ಈ ಊರಾಗ ನನ್ನ ಹೆಸರಿಲೆ ಕೊಡ ಐತಿ."

"ಇರ್ರಿ," ಅನ್ನುತ್ತಾಳೆ ಅವ್ವ. "ನಳಕ್ಕ ನೀರು ಬಂದೈತಿ. ನಿಮ್ಮ ಕೊಡಾನ ತಗೊಂಡ ಪಾಳಿ ಹಚ್ಚಾಕ ಹೋಗ್ರಿ."